ಶುಶ್ರೂಷೆ ಮಾಡುವವರಿಗೆ ಪೆಟ್ಟು ಬಿದ್ದಾಗ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ಮಸಗುಪ್ಪಿಯಂಥ ಊರಿನ ಗೃಹಸ್ಥರು ನೆನೆಯುವದು ಗೋಕಾಕದ ದವಾಖಾನೆಯನ್ನು, ಇಲ್ಲವೆ ಘಟಪ್ರಭೆಯ ಆರೋಗ್ಯಧಾಮವನ್ನು. ಅಲ್ಲಿ ಡಾಕ್ಟರರು ನೋಡಿ ಹೋಗುವದು ಕೆಲವು ನಿಮಿಷಗಳ ಮಾತು. ರಾತ್ರಿಯೆಲ್ಲ ಎಚ್ಚತ್ತಿದ್ದು ರೋಗಿಯ ಮಗ್ಗುಲು ಬದಲಿಸುವವಳು ದಾದಿ. ಅವಳೂ ಒಂದು ಮನೆಯ ಮಗಳು. ಕೆಲಸದ ಸ್ಥಳದಲ್ಲಿಯೇ ಅವಳಿಗೆ ಪೆಟ್ಟು ಬಿದ್ದರೆ ಗತಿ ಯಾರು? ಕನ್ನಡ ನಾಡಿನ ಒಬ್ಬ ಹೆಣ್ಣುಮಗಳ ಬಾಳೇ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ನೆಯ ಇಸವಿಯ ನವೆಂಬರ 27ರಂದು, ಅವರು ಬಟ್ಟೆ ಬದಲಿಸಲು ನೆಲಮನೆಗೆ ಹೋದಾಗ, ಅದೇ ಆಸ್ಪತ್ರೆಯ ನೌಕರನೊಬ್ಬನು ನಾಯಿಯ ಸರಪಳಿಯನ್ನು ಅವರ ಕೊರಳಿಗೆ ಬಿಗಿದು ಅತ್ಯಾಚಾರವೆಸಗಿದನು. ಮೆದುಳಿಗೆ ಪ್ರಾಣವಾಯು ಸಾಲದೆ ಅವರ ಅರಿವು ನಂದಿತು. ಮರುದಿನ ಬೆಳಿಗ್ಗೆ ಜನರ ಕಣ್ಣಿಗೆ ಬಿದ್ದ ಆ ತರುಣಿಗೆ ಆಗ ವಯಸ್ಸು 25. ಮುಂದೆ 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರು.

ಅಪರಾಧಿಗೆ ದರೋಡೆ ಹಾಗೂ ಕೊಲೆಯ ಪ್ರಯತ್ನಕ್ಕಾಗಿ ಏಳು ವರ್ಷದ ಶಿಕ್ಷೆಯಾಯಿತು; ಅತ್ಯಾಚಾರದ ಆರೋಪ ನ್ಯಾಯಾಲಯದ ಮುಂದೆ ಬರಲೇ ಇಲ್ಲ. ಅವನು ಶಿಕ್ಷೆ ಮುಗಿಸಿ ಹೊರಬಿದ್ದನು. ಅರುಣಾರ ಶಿಕ್ಷೆ ಮಾತ್ರ ಮುಗಿಯಲಿಲ್ಲ. ಅವರನ್ನು ಸಲಹಿದವರು ಜೊತೆಯ ದಾದಿಯರು. ಒಂದು ತಲೆಮಾರಿನವರು ನಿವೃತ್ತರಾದರೆ ಮತ್ತೊಂದು ತಲೆಮಾರಿನವರು ಆ ಭಾರವನ್ನು ಹೊತ್ತರು. 2011ರ ಮಾರ್ಚ 7ರಂದು ಸರ್ವೋಚ್ಚ ನ್ಯಾಯಾಲಯವು ಅವರ ಜೀವಾಧಾರವನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ತಳ್ಳಿಹಾಕಿ, ಈ ಸೇವೆಯನ್ನು ಮನಸಾರೆ ಕೊಂಡಾಡಿತು.

ಆ ಪ್ರೀತಿಗೆ ಸರಿಸಾಟಿಯಿಲ್ಲ. ಆದರೆ ಗಾಯಗೊಂಡವರ ಬಾಳು ಪರರ ಪ್ರೀತಿಯೊಂದನ್ನೇ ನೆಚ್ಚಿ ನಿಲ್ಲಬಾರದು. ಅಪರಾಧಿಗೆ ಶಿಕ್ಷೆ ಬೇರೆ, ಗಾಯಗೊಂಡವರಿಗೆ ಪರಿಹಾರ ಬೇರೆ, ಎರಡನ್ನೂ ಕೇಳಬೇಕಾಗುವದು.

ಶಿಕ್ಷೆಯ ಮಾತನ್ನು ಮೊದಲು ನೋಡೋಣ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕವು 2009ರಲ್ಲಿ ಪ್ರತ್ಯೇಕ ಕಾಯದೆಯನ್ನು ಮಾಡಿತು. ಅದು ಹೊರಟಾಗ ಮೂರು ವರ್ಷದವರೆಗೆ ಸೆರೆವಾಸವನ್ನೂ 50,000 ರೂಪಾಯಿಯವರೆಗೆ ದಂಡವನ್ನೂ ಗೊತ್ತುಪಡಿಸಿ, ಅಪರಾಧವನ್ನು ಜಾಮೀನಿಲ್ಲದ್ದೆಂದು ಸಾರಿತು. ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯ ಕೊಲೆಯಾದ ಮೇಲೆ, 2024ರ ಆಗಸ್ಟ 16ರಂದು ಕೇಂದ್ರ ಆರೋಗ್ಯ ಖಾತೆಯು ಹಲ್ಲೆ ನಡೆದ ಆರು ತಾಸಿನೊಳಗೆ ಸಂಸ್ಥೆಯ ಮುಖ್ಯಸ್ಥರೇ ಪೋಲೀಸರಲ್ಲಿ ಫಿರ್ಯಾದಿ ಕೊಡಿಸಬೇಕೆಂದು ಆಜ್ಞೆಯಿತ್ತಿತು.

ಇನ್ನು ಪರಿಹಾರ. ಕೆಲಸದ ನಿಮಿತ್ತವಾಗಿ, ಕೆಲಸದ ವೇಳೆಯಲ್ಲಿ ಒದಗಿದ ಗಾಯಕ್ಕೆ ಧಣಿಯೇ ಹೊಣೆಯೆಂಬ ತತ್ತ್ವವು 1923ರ ಕಾಯದೆಯಿಂದ ಬಂದದ್ದು. 2025ರ ನವೆಂಬರ 21ರಿಂದ ಅದು ಸಾಮಾಜಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಕೊಂಡಿದೆ. ರಾಜ್ಯ ವಿಮೆಗೆ ಸೇರಿದ ನೌಕರರು ವಿಮೆಯ ಕಡೆಯಿಂದ ಪಡೆಯುವರು. ಇದಲ್ಲದೆ ಅಪರಾಧಕ್ಕೆ ಗುರಿಯಾದವರಿಗೆ ಸರಕಾರದ ಪರಿಹಾರವೂ ಉಂಟು. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳಿಗೆ, ಆದಾಯವೆಷ್ಟೇ ಇರಲಿ, ಆ ಪ್ರಾಧಿಕಾರವು ವಕೀಲರನ್ನು ಧರ್ಮಾರ್ಥವಾಗಿ ಒದಗಿಸುವದು. ಲೈಂಗಿಕ ಕಿರುಕುಳವಾದರೆ 2013ರ ಕಾಯದೆಯಂತೆ ಮೂರು ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ಬರೆದು ಕೊಡಬೇಕು.

ದವಾಖಾನೆಯಲ್ಲಿ ದುಡಿಯುವ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ ಇಷ್ಟನ್ನು ತಿಳಿಸಿರಿ: ಪೆಟ್ಟು ಸಣ್ಣದೆಂದು ಮುಚ್ಚಿಡಬಾರದು, ಅದೇ ದಿನ ವೈದ್ಯರಿಂದ ಗಾಯದ ದಾಖಲೆ ಮಾಡಿಸಬೇಕು, ಧಣಿಗೆ ಬರಹದಲ್ಲಿ ತಿಳಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು, ಕಂಡವರ ಹೆಸರು, ತನ್ನ ಪಾಳಿಯ ವೇಳೆ ಇವನ್ನು ಬರೆದಿಡಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುವದು. ಕಾಗದ ಮಾತ್ರ ಉಳಿಯುವದು.

ಕೊನೆಗೆ ನಮ್ಮ ಮಾತು. ಆಪ್ತರು ತೀರಿಕೊಂಡ ದುಃಖದಲ್ಲಿ ದಾದಿಯ ಮೇಲೆ ಕೈಯೆತ್ತುವವರೂ ಸಂಸಾರಸ್ಥರೇ. ಚಿಕಿತ್ಸೆಯಲ್ಲಿ ತಪ್ಪಾಗಿದ್ದರೆ ಕೇಳಲು ವೈದ್ಯಕೀಯ ಪರಿಷತ್ತಿದೆ, ಗ್ರಾಹಕರ ನ್ಯಾಯಾಲಯವಿದೆ. ಆ ರಾತ್ರಿ ಪಕ್ಕದ ಹಾಸಿಗೆಯಲ್ಲಿ ಮತ್ತೊಬ್ಬರ ತಾಯಿಯೂ ಅದೇ ದಾದಿಯನ್ನು ನೆಚ್ಚಿ ಮಲಗಿರುವಳೆಂಬದನ್ನು ನಾವು ಮರೆಯಬಾರದು.