ಸೆರೆಮನೆಯಿಂದ ಬಂದ ಸಂತೋಷದ ಓಲೆ

ಸಂತೋಷವೆಂಬುದು ಸಾಮಾನ್ಯವಾಗಿ ಫಲ ಕೈಸೇರಿದಾಗಿನ ಮಾತು. ಮಳೆ ಬಂದರೆ, ಬೆಳೆ ಮನೆಗೆ ಬಂದರೆ, ಮಗಳ ಮದುವೆ ಸಾಂಗವಾಗಿ ನೆರವೇರಿದರೆ ಸಂತೋಷ. ಕೈಗೆ ಬಾರದ, ಕಣ್ಣಿಗೂ ಕಾಣದ ಒಂದನ್ನು ನೆಚ್ಚಿ ಇಂದೇ ಸಂತೋಷಪಡುವುದು ಹೇಗೆ? ಕ್ರೈಸ್ತಧರ್ಮ ತನ್ನವರಿಗೆ ಹೇಳುವುದು ಅದನ್ನೇ. ಸಾವನ್ನು ಗೆಲ್ಲುವ ನಿತ್ಯಜೀವದ ನಿರೀಕ್ಷೆ ಅವರ ಹರ್ಷಕ್ಕೆ ಬುನಾದಿ. ಇದು ದುಃಖ ಮರೆಯುವ ಉಪಾಯವೆಂದು ಹೊರಗಿನವರಿಗೆ ತೋರಬಹುದು. ಹಾಗೆಂದು ತೀರ್ಪು ಕೊಡುವ ಮೊದಲು ಹೊಸ ಒಡಂಬಡಿಕೆಯ ಒಂದು ಚಿಕ್ಕ ಪತ್ರವನ್ನು ಓದಿನೋಡಬೇಕು.

ಅದು ಪೌಲನು ಫಿಲಿಪ್ಪಿಯ ಸಭೆಗೆ ಬರೆದದ್ದು. ಫಿಲಿಪ್ಪಿ ಮಕೆದೋನಿಯದ ಊರು. ಅಲೆಕ್ಸಾಂಡರನ ತಂದೆ ಫಿಲಿಪ್ಪನ ಹೆಸರನ್ನು ಹೊತ್ತದ್ದು. ಈಗ ಗ್ರೀಸ್ ದೇಶದಲ್ಲಿ ಅದರ ಅವಶೇಷಗಳಿವೆ. ೨೦೧೬ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕ್ರಿ.ಪೂ. ೪೨ರ ಯುದ್ಧದ ಬಳಿಕ ರೋಮಿನವರು ತಮ್ಮ ನಿವೃತ್ತ ಯೋಧರನ್ನು ಅಲ್ಲಿ ನೆಲೆಗೊಳಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ರೋಮನ್ನು ಕಣ್ಣಿಂದ ಕಾಣದಿದ್ದರೂ ರೋಮಿನ ಪೌರರೇ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಕ್ರಿ.ಶ. ೫೦ರ ಸುಮಾರಿಗೆ ಈ ಊರಿಗೆ ಬಂದ ಪೌಲ ಛಡಿಯೇಟು ತಿಂದ; ಸಂಗಡಿಗ ಸೀಲನೊಡನೆ ಕಾಲಿಗೆ ಕೋಳ ಬಿಗಿಸಿಕೊಂಡು ಸೆರೆಮನೆ ಸೇರಿದ. ನಡುರಾತ್ರಿಯಲ್ಲಿ ಇಬ್ಬರೂ ದೇವರನ್ನು ಹಾಡಿ ಹೊಗಳುತ್ತಿದ್ದರಂತೆ. ವರ್ಷಗಳ ಬಳಿಕ ಆ ಊರಿಗೆ ಪತ್ರ ಬರೆದಾಗಲೂ ಅವನು ಸೆರೆಯಲ್ಲೇ ಇದ್ದ. ಅದು ರೋಮಿನ ಸೆರೆಯೆಂಬುದು ಸಂಪ್ರದಾಯ. ಎಫೆಸದ್ದೆಂದು ಕೆಲವು ವಿದ್ವಾಂಸರ ವಾದ. ಎಲ್ಲಿಯದಾದರೇನು, ಬಿಡುಗಡೆಯೋ ಮರಣದಂಡನೆಯೋ ತಿಳಿಯದ ಸ್ಥಿತಿ. ಹೀಗಿದ್ದೂ ನಾಲ್ಕೇ ಅಧ್ಯಾಯಗಳ ಆ ಪತ್ರದಲ್ಲಿ ಹರ್ಷವೆಂಬ ಅರ್ಥದ ಪದಗಳು ಹತ್ತಕ್ಕೂ ಮೀರಿ ಬರುತ್ತವೆ.

ಆದರೆ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಹರ್ಷದ ಮಾತಲ್ಲ, ಎಪಫ್ರೊದೀತನ ಸಮಾಚಾರ. ಇವನು ಫಿಲಿಪ್ಪಿಯವರ ಕಾಣಿಕೆಯನ್ನು ಪೌಲನಿಗೆ ತಲಪಿಸಲು ಬಂದವನು. ಬಂದವನು ಕಾಯಿಲೆಬಿದ್ದು ಸಾಯುವಂತಾದ. ಊರಿನವರಿಗೆ ಸುದ್ದಿ ಮುಟ್ಟಿತೆಂದು ಆ ರೋಗಿಗೇ ಚಿಂತೆ! ಅವನು ಬದುಕಿಕೊಂಡ. ಬದುಕದಿದ್ದರೆ ತನಗೆ ದುಃಖದ ಮೇಲೆ ದುಃಖ ಬಂದೆರಗುತ್ತಿತ್ತೆಂದು ಪೌಲ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ತನ್ನ ಸಾವನ್ನು ಲಾಭವೆಂದು ಎಣಿಸಿದ ಮನುಷ್ಯ ಗೆಳೆಯನ ಸಾವನ್ನು ಹಾಗೆ ಎಣಿಸಲಾರ. ಥೆಸಲೋನಿಕದವರಿಗೆ ಬರೆದ ಇನ್ನೊಂದು ಪತ್ರದಲ್ಲಿಯೂ ಅವನು ಸತ್ತವರಿಗಾಗಿ ಅಳಬೇಡಿರೆಂದು ವಿಧಿಸುವುದಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ಅಳಬೇಡಿರೆಂದಷ್ಟೇ ಕೇಳಿಕೊಳ್ಳುತ್ತಾನೆ. ಈ ಹರ್ಷದ ಮನೆಯಲ್ಲಿ ಕಣ್ಣೀರಿಗೂ ಒಂದು ಕೋಣೆಯುಂಟು.

ಪಂಡಿತನ ಚಪಲ, ಇಲ್ಲೊಂದು ಪದವಿಚಾರ. ಈ ಭಾವಕ್ಕೆ ಕನ್ನಡ ಸತ್ಯವೇದ ಹೆಚ್ಚಾಗಿ ಬಳಸಿದ ಮಾತು ‘ನಿರೀಕ್ಷೆ’. ಆಶೆಯೆಂದರೆ ನಮ್ಮಲ್ಲಿ ಬೇಗ ದುರಾಶೆಯ ವಾಸನೆ ಹತ್ತುತ್ತದೆ. ನಿರೀಕ್ಷೆಗೆ ಮೂಲವಾದ ‘ಈಕ್ಷ್’ ಧಾತುವಿಗೆ ನೋಡುವುದೆಂದೇ ಅರ್ಥ. (ಪರೀಕ್ಷೆಯೂ ಅದೇ ಧಾತುವಿನ ಕೂಸೆಂದರೆ ನನ್ನ ವಿದ್ಯಾರ್ಥಿಗಳು ಒಪ್ಪುವುದಿಲ್ಲ.) ಸಂಜೆಯ ಬಸ್ಸಿಗೆ ಬರುತ್ತೇನೆಂದು ಮಗ ತಿಳಿಸಿದ್ದಾನೆ, ತಾಯಿ ಬೆಳಗಿನಿಂದಲೇ ಅಡಿಗೆಗೆ ತೊಡಗುತ್ತಾಳೆ, ಹತ್ತು ಸಲ ಬಾಗಿಲಿಗೆ ಬರುತ್ತಾಳೆ. ಮಗ ಇನ್ನೂ ಬಂದಿಲ್ಲ, ಹಬ್ಬ ಆಗಲೇ ಬಂದಿದೆ.

ಮಾತು ಕೊಟ್ಟವನು ನಂಬತಕ್ಕವನಾಗಿರಬೇಕು, ನಿಜ. ಪೌಲ ಇದನ್ನು ಬಲ್ಲ. ಕ್ರಿಸ್ತನು ಸತ್ತವರೊಳಗಿಂದ ಎದ್ದದ್ದು ಸುಳ್ಳಾದರೆ ತಮ್ಮ ನಂಬಿಕೆ ವ್ಯರ್ಥ, ತಮ್ಮಷ್ಟು ಮರುಕಕ್ಕೆ ಪಾತ್ರರಾದವರು ಯಾರೂ ಇಲ್ಲವೆಂದು ಕೊರಿಂಥದವರಿಗೆ ಬರೆದವನೂ ಅವನೇ. ಸುಳ್ಳಾದರೂ ಸಮಾಧಾನ ಸಿಗುತ್ತದಲ್ಲ, ಇರಲಿ ಎನ್ನುವ ಜಾಣತನ ಅವನಲ್ಲಿಲ್ಲ. ಎಲ್ಲವನ್ನೂ ಈಸ್ಟರಿನ ಆ ಒಂದು ಬೆಳಗಿಗೆ ಒತ್ತೆಯಿಟ್ಟಿದ್ದಾನೆ.

ನಿತ್ಯಜೀವವನ್ನು ಕೊನೆಯಿಲ್ಲದ ವರ್ಷಗಳೆಂದಷ್ಟೇ ತಿಳಿದರೆ ಸಾಲದು. ದೇಹವನ್ನು ಕಳಚಿ ಆತ್ಮ ಹಾರಿಹೋಗುವುದು ಈ ಬೋಧೆಯ ಕಡೆಯ ಮಾತಲ್ಲ. ದೇಹವೂ ಹೊಸದಾಗಿ ಎದ್ದು ಬರುವ ಪುನರುತ್ಥಾನವನ್ನು ಅದು ಹೇಳುತ್ತದೆ. ನಮ್ಮ ದರ್ಶನಗಳ ಮೋಕ್ಷದೊಡನೆ ಇದನ್ನು ಸುಮ್ಮನೆ ಒಂದಾಗಿಸಿಬಿಟ್ಟರೆ ಎರಡಕ್ಕೂ ಅನ್ಯಾಯ. ಮೇಲಾಗಿ, ದೇವರನ್ನು ಅರಿಯುವುದೇ ನಿತ್ಯಜೀವವೆಂದು ಯೋಹಾನನ ಸುವಾರ್ತೆ ಹೇಳುವುದರಿಂದ ಅದು ಇಲ್ಲಿಯೇ ಮೊದಲಾಗುತ್ತದೆ. ಫಿಲಿಪ್ಪಿಯವರಿಗೆ ಪೌಲ ಇದನ್ನು ತಿಳಿಸಿದ ರೀತಿ ಸೊಗಸಾಗಿದೆ. ನಮ್ಮ ಪೌರತ್ವ ಪರಲೋಕದ್ದೆಂದ. ಕಾಣದ ರೋಮಿನ ಪೌರತ್ವದಲ್ಲಿ ಹೆಮ್ಮೆಪಡುತ್ತ, ಅದರ ಕಾನೂನಿನಂತೆ ತಮ್ಮ ಬೀದಿಯಲ್ಲಿ ಬಾಳುತ್ತಿದ್ದ ಊರಿನವರಿಗೆ ವ್ಯಾಖ್ಯಾನ ಬೇಕಿರಲಿಲ್ಲ. ಅದೇ ಪತ್ರದಲ್ಲಿ, ಮನಸ್ತಾಪಗೊಂಡಿದ್ದ ಇಬ್ಬರು ಹೆಂಗಸರಿಗೆ ಒಂದಾಗಿರೆಂಬ ಬುದ್ಧಿವಾದವೂ ಇದೆ. ಪರಲೋಕದ ಪೌರರಿಗೂ ನೆರೆಮನೆಯ ಜಗಳ ತಪ್ಪಿದ್ದಲ್ಲ.

ಪೌಲನ ತರುವಾಯ ರೋಮಿನ ಕ್ರೈಸ್ತರು ತಮ್ಮವರನ್ನು ನೆಲದಡಿಯ ಸುರಂಗಗಳಲ್ಲಿ ಹೂಳಿದರು. ಹೂಳುವ ಸ್ಥಳವನ್ನು ಅವರು ಕರೆದದ್ದು ಮಲಗುವ ಮನೆ ಎಂಬರ್ಥದ ಗ್ರೀಕ್ ಪದದಿಂದ. ‘ಸೆಮೆಟರಿ’ ಎಂಬ ಇಂಗ್ಲಿಷ್ ಮಾತು ಬಂದದ್ದು ಅದರಿಂದಲೇ. ಪ್ರಿಸಿಲ್ಲಾ ಎಂಬ ಹೆಸರಿನ ಸುರಂಗದಲ್ಲಿ ಗೋರಿಗಳ ಮೇಲೆ ಹಡಗಿನ ಲಂಗರಿನ ಚಿತ್ರಗಳಿವೆ. ಲಂಗರು ಅವರಿಗೆ ನಿರೀಕ್ಷೆಯ ಗುರುತು. ಕೆಲವು ಗೋರಿಗಳಲ್ಲಿ ಸತ್ತವರ ಹೆಸರು, ಪಕ್ಕದಲ್ಲಿ ಒಂದು ಲಂಗರು, ಅಷ್ಟೇ.