ಬೇಡವೆಂದ ಹಾಡು

1942ರ ಬೇಸಿಗೆ. ಕ್ಯಾಲಿಫೋರ್ನಿಯದ ಬರ್ಬ್ಯಾಂಕ್‌ನಲ್ಲಿ, ವಾರ್ನರ್ ಬ್ರದರ್ಸ್ ಸ್ಟುಡಿಯೋದ ಒಳಗೆ ಮೊರಾಕ್ಕೊದ ಒಂದು ಕೆಫೆ ಎದ್ದು ನಿಂತಿದೆ. ಬಿಳಿ ಕಮಾನುಗಳು, ಮೇಜುಮೇಜಿಗೂ ಪುಟ್ಟ ದೀಪ, ಬೆಳಕನ್ನು ಸುತ್ತುವರಿದ ಸಿಗರೇಟಿನ ಹೊಗೆ. ನಡುವೆ ಗಾಲಿಗಳ ಮೇಲೊಂದು ಪಿಯಾನೊ. ಅದರ ಮುಂದೆ ಕುಳಿತ ಡೂಲಿ ವಿಲ್ಸನ್ ಅವರ ಬೆರಳುಗಳು ಮನೆಗಳ ಮೇಲೆ ಸಲೀಸಾಗಿ ಓಡಾಡುತ್ತಿವೆ. ನಾದ ಹೊಮ್ಮುತ್ತಿರುವುದು ಮಾತ್ರ ಕ್ಯಾಮೆರಾಗೆ ಕಾಣದ ಇನ್ನೊಂದು ಪಿಯಾನೊದಿಂದ. ವಿಲ್ಸನ್ ಡ್ರಮ್ ವಾದಕರು; ಪಿಯಾನೊ ಅವರಿಗೆ ಬಾರದು. ಆದರೆ ಹಾಡುವ ಆ ಒರಟು ನಯದ ಕಂಠ ಅವರದೇ.

‘ಕಾಸಾಬ್ಲಾಂಕ’ ಚಿತ್ರದ ಇಲ್ಸಾ ಆಗಿ ಇಂಗ್ರಿಡ್ ಬರ್ಗ್‌ಮನ್ ಆ ಹಳೆಯ ಹಾಡು ಬೇಕೆನ್ನುತ್ತಾಳೆ. ವಿಲ್ಸನ್ ನಟಿಸುವ ಸ್ಯಾಮ್ ಮರೆತೆನೆಂದು ನುಣುಚಿಕೊಳ್ಳುತ್ತಾನೆ. ಆಕೆ ಗುನುಗುತ್ತಾಳೆ, ಅವನು ಸೋತು ಹಾಡುತ್ತಾನೆ. ಅಷ್ಟರಲ್ಲಿ ಕೆಫೆಯ ಒಡೆಯ, ಅವಳ ಹಿಂದಿನ ಪ್ರೇಮಿ ರಿಕ್ ಸಿಡುಕುತ್ತಾ ಬರುತ್ತಾನೆ, ಇಲ್ಸಾಳನ್ನು ಕಂಡು ಕಲ್ಲಾಗುತ್ತಾನೆ. ಅದುವರೆಗೆ ಕೆಫೆಯಲ್ಲಿ ಕೇಳಿದ್ದೆಲ್ಲ ಅಲ್ಲಿನ ವಾದ್ಯಗಾರರ ಸಂಗೀತ. ಈಗ ಎಲ್ಲಿಂದಲೋ ಇಡೀ ಆರ್ಕೆಸ್ಟ್ರಾ ಅಪಸ್ವರದಂಥ ಒಂದು ಏಟು ಹಾಕುತ್ತದೆ. ರಿಕ್ ಬಾಯಿ ಬಿಡುವ ಮೊದಲೇ ಅವನ ಎದೆ ನಮಗೆ ಕೇಳಿಸಿಬಿಡುತ್ತದೆ.

ಆ ಏಟು ಮ್ಯಾಕ್ಸ್ ಸ್ಟೈನರ್ ಅವರದು. ವಿಯೆನ್ನಾದಲ್ಲಿ ಹುಟ್ಟಿ, ‘ಕಿಂಗ್ ಕಾಂಗ್’, ‘ಗಾನ್ ವಿತ್ ದ ವಿಂಡ್’ ಚಿತ್ರಗಳಿಗೆ ಸಂಗೀತ ಕೊಟ್ಟವರು. ಸೆಕೆಂಡಿಗೆ 24 ಫ್ರೇಮ್ ಓಡುವ ಚಿತ್ರದಲ್ಲಿ ಯಾವ ಸ್ವರ ಯಾವ ನೋಟದ ಮೇಲೆ ಬೀಳಬೇಕೆಂದು ಅಳೆದು ಬರೆಯುವುದು ಅವರ ಕಸುಬು. ಫಿಲ್ಮಿಗೆ ರಂಧ್ರ ಕೊರೆದು, ಟಿಕ್ ಟಿಕ್ ಸದ್ದಿಗೆ ತಾಳ ಕೂಡಿಸುವ ಕ್ಲಿಕ್ ಟ್ರ್ಯಾಕ್ ಪದ್ಧತಿಯನ್ನು ಹಾಲಿವುಡ್‌ನಲ್ಲಿ ನೆಲೆಗೊಳಿಸಿದವರಲ್ಲಿ ಅವರೂ ಒಬ್ಬರು.

ಅಂಥವರಿಗೆ ಈ ಹಾಡೇ ಹಿಡಿಸಲಿಲ್ಲ. ‘ಆ್ಯಸ್ ಟೈಮ್ ಗೋಸ್ ಬೈ’ ಹರ್ಮನ್ ಹಪ್‌ಫೆಲ್ಡ್ 1931ರಲ್ಲಿ ಬ್ರಾಡ್‌ವೇ ನಾಟಕವೊಂದಕ್ಕೆ ಬರೆದದ್ದು. ತಮ್ಮದೇ ಹೊಸ ಧಾಟಿ ಹಾಕುತ್ತೇನೆಂದು ಸ್ಟೈನರ್ ಪಟ್ಟು ಹಿಡಿದರು. ಹಾಗೆ ಮಾಡಿದರೆ ಇಲ್ಸಾ ಹಾಡನ್ನು ಹೆಸರಿಸುವ ಮಾತನ್ನು ಮತ್ತೆ ಚಿತ್ರಿಸಬೇಕು. ಅಷ್ಟರಲ್ಲಿ ಬರ್ಗ್‌ಮನ್ ಮುಂದಿನ ಚಿತ್ರ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ಗಾಗಿ ಕೂದಲು ಮೋಟಾಗಿ ಕತ್ತರಿಸಿಕೊಂಡಾಗಿತ್ತು! ಹಾಡು ಉಳಿಯಿತು.

ಮನಸ್ಸಿಲ್ಲದೆ ಎತ್ತಿಕೊಂಡ ಪರರ ಕೂಸನ್ನು ಸ್ಟೈನರ್ ಬೆಳೆಸಿದ ಬಗೆಯೇ ಸೊಗಸು. ರಿಕ್‌ಗೆ ಪ್ಯಾರಿಸ್‌ನ ಪ್ರೇಮದ ನೆನಪು ಬಿಚ್ಚಿಕೊಂಡಾಗ ಆ ಧಾಟಿ ಮೈತುಂಬಿ ಹಿಗ್ಗುತ್ತದೆ. ಮಂಜು ಕವಿದ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವ ಮಾತುಗಳ ಅಡಿಯಲ್ಲಿ ದನಿ ತಗ್ಗಿಸಿ ಹರಿಯುತ್ತದೆ. ಕೊನೆಗೆ ಪ್ರೇಮ ಹಿಂದೆ ಸರಿದು, ಫ್ರಾನ್ಸಿನ ರಾಷ್ಟ್ರಗೀತೆ ಪರದೆಯನ್ನು ತುಂಬುತ್ತದೆ.

ಚಿತ್ರ ತೆರೆಕಂಡಾಗ ಪ್ರೇಕ್ಷಕರಿಗೆ ಹಾಡಿನ ತಟ್ಟೆ ಬೇಕಾಯಿತು. ಆದರೆ 1942ರ ಆಗಸ್ಟ್‌ನಿಂದ ಅಮೆರಿಕದ ವಾದ್ಯಗಾರರು ಧ್ವನಿಮುದ್ರಣದ ವಿರುದ್ಧ ಮುಷ್ಕರ ಹೂಡಿದ್ದರು. ವಿಲ್ಸನ್ ದನಿಯಲ್ಲಿ ತಟ್ಟೆ ತರುವಂತಿರಲಿಲ್ಲ. ರೂಡಿ ವ್ಯಾಲಿ 1931ರಲ್ಲಿ ಹಾಡಿದ್ದ ಮುದ್ರಿಕೆಯೇ ಮತ್ತೆ ಪೇಟೆಗೆ ಬಂದು, 1943ರಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಅದರಲ್ಲಿ ಸ್ಯಾಮ್ ಇರಲಿಲ್ಲ, ಸ್ಟೈನರ್ ಆರ್ಕೆಸ್ಟ್ರಾ ಇರಲಿಲ್ಲ. ಆದರೂ ಕೊಂಡವರು ಕೇಳಿಸಿಕೊಂಡದ್ದು ಆ ಹಾಡಿಗೆ ಸ್ಟೈನರ್ ತುಂಬಿದ್ದ ವಿರಹವನ್ನೇ.