ಶಿಲಾವೃತ್ತಗಳು: ಮನೆಯೊ, ಮಸಣವೊ?

ಪಾಂಡವಪುರದ ಕುಂತಿಬೆಟ್ಟವನ್ನು ಬಲ್ಲವರು, ಪಾಂಡವರು ತಾಯಿಯೊಡನೆ ಅಲ್ಲಿ ಕೆಲಕಾಲ ನೆಲಸಿದ್ದರೆಂಬ ಐತಿಹ್ಯವನ್ನೂ ಕೇಳಿಯೇ ಇರುವರು. ಕಟ್ಟಿದವರು ಯಾರೆಂದು ತಿಳಿಯದ ಪುರಾತನ ಶಿಲಾರಚನೆಗಳಿಗೆ ಪಾಂಡವರ ಹೆಸರಿಡುವುದು ನಮ್ಮ ನಾಡಿನ ರೂಢಿ. ಕೆಲವೆಡೆ ಅವನ್ನು ಮೋರ್ಯರ ಮನೆಗಳೆಂದೂ ಕರೆಯುವರು. ವಿಚಾರಿಸಿ ನೋಡಿದರೆ ಈ ‘ಮನೆ’ಗಳಲ್ಲಿ ಬಹುಪಾಲು ಸಮಾಧಿಗಳು.

1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಯಿಸಿದಾಗ, ಗುಂಡುಕಲ್ಲುಗಳ ಬಳೆಯೊಳಗೆ ಚಪ್ಪಡಿಗಳ ಪೆಟ್ಟಿಗೆಗಳೂ, ಅವುಗಳಲ್ಲಿ ಎಲುಬು, ಕಬ್ಬಿಣದ ಸಾಮಾನು, ಕಪ್ಪುಗೆಂಪು ಮಡಕೆಗಳೂ ದೊರೆತುವು. ಬದುಕಿದ್ದವರ ಮನೆಗಳನ್ನು ಕಾಣಬೇಕಾದರೆ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಗೆ ಹೋಗಬೇಕು. ಅಲ್ಲಿ ಎಂ. ಎಸ್. ನಾಗರಾಜರಾಯರು 1963-64ರಲ್ಲಿ ನಡಸಿದ ಉತ್ಖನನದಿಂದ, ಕಬ್ಬಿಣವನ್ನರಿಯದ ನವಶಿಲಾಯುಗದ ಜನರ ದುಂಡು ಗುಡಿಸಿಲುಗಳ ತಳಗಳು ಬೆಳಕಿಗೆ ಬಂದುವು.

ನೆಲದ ಮೇಲೆ ನಿಂತು ನೋಡುವವರಿಗೆ ಎರಡೂ ಕಲ್ಲಿನ ಬಳೆಯಂತೆಯೇ ತೋರಬಹುದು. ಮನೆಯೊ ಮಸಣವೊ ಎಂಬುದನ್ನು ನಿರ್ಣಯಿಸುವುದು ಕೆಳಗಿನ ಮಣ್ಣಿನ ಪದರಗಳು. ಆದುದರಿಂದ ಕುತೂಹಲಕ್ಕಾಗಲಿ ನಿಧಿಯಾಸೆಗಾಗಲಿ ಅಗೆಯತಕ್ಕದ್ದಲ್ಲ. ಒಮ್ಮೆ ಕದಡಿದ ಪದರವನ್ನು ಯಾವ ಪಂಡಿತನೂ ಮತ್ತೆ ಓದಲಾರನು.

ನಮ್ಮ ಸೀಮೆಯ ಅಕ್ಷರವುಳ್ಳ ಕಲ್ಲುಗಳು ಪುಣ್ಯವಂತವು. ಬಿ. ಎಲ್. ರೈಸ್ ಅವರು ಶ್ರೀರಂಗಪಟ್ಟಣದ ಶಾಸನಗಳನ್ನು 1894ರಲ್ಲಿಯೂ, ಕೃಷ್ಣರಾಜಪೇಟೆ, ನಾಗಮಂಗಲಗಳವನ್ನು 1898ರಲ್ಲಿಯೂ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕಲ್ಲು ಕಳೆದರೂ ಪಾಠವುಳಿಯಿತು. ಅಕ್ಷರವಿಲ್ಲದ ಕಲ್ಲಿಗೆ ಆ ಭಾಗ್ಯವೆಲ್ಲಿ? ಅದರ ಅರ್ಥವಿರುವುದು ನಿಂತ ಸ್ಥಳದಲ್ಲಿ. ಬದುವಿಗೆಂದೊ ತಳಪಾಯಕ್ಕೆಂದೊ ಅದನ್ನು ಕಿತ್ತೊಯ್ದರೆ ಕಲ್ಲು ಉಳಿದೂ ಚರಿತ್ರೆ ಅಳಿಯುವುದು. ಜೆಸಿಬಿ ಯಂತ್ರಕ್ಕೆ ಇದು ಅರ್ಧ ದಿನದ ಕೆಲಸ.

ಇಲ್ಲಿ ಗೃಹಸ್ಥರು ಮಾಡಬಹುದಾದ ಉಪಕಾರವು ಅಲ್ಪವಲ್ಲ. 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳ ಡಿಜಿಟಲ್ ಪ್ರತಿಗಳನ್ನು ತೆಗೆಯತೊಡಗಿದಾಗ, ಊರವರೇ ಎಷ್ಟೋ ಕಲ್ಲುಗಳ ಸುಳಿವು ಕೊಟ್ಟರು. ಅದೇ ಕ್ರಮವನ್ನು ನಾವು ಶಿಲಾವೃತ್ತಗಳಿಗೂ ಅನುಸರಿಸಬಹುದು. ಹೊಲದಂಚಿನಲ್ಲಿ, ಬೆಟ್ಟದ ತಪ್ಪಲಿನಲ್ಲಿ ಅಂತಹ ಬಳೆ ಕಂಡರೆ ಜಮೀನಿನವರ ಅಪ್ಪಣೆ ಪಡೆದು, ಮಕ್ಕಳ ಕೈಗೆ ಅಳತೆಯ ಪಟ್ಟಿಯನ್ನು ಕೊಡಿರಿ. ಊರು, ಸರ್ವೆ ನಂಬರು, ವೃತ್ತದ ಅಡ್ಡಳತೆ, ಕಲ್ಲುಗಳ ಎಣಿಕೆ, ಹಿರಿಯರು ಹೇಳುವ ಹೆಸರು, ಒಂದು ಛಾಯಾಚಿತ್ರ, ಇಷ್ಟನ್ನು ಸೇರಿಸಿ ಮೈಸೂರಿನ ಪುರಾತತ್ತ್ವ ಇಲಾಖೆಗೆ ಬರೆಯಿರಿ. ಐತಿಹ್ಯವನ್ನೂ ಬಿಡಬೇಡಿರಿ. ಪಾಂಡವರ ಹೆಸರೆಂಬ ಭಕ್ತಿಯಿಂದ ಜನರು ಮುಟ್ಟದೆ ಉಳಿಸಿದ ಕಲ್ಲುಗಳೂ ಉಂಟು.